ಕೆರೆದು ತೆಗೆದ ಎರಡು ಕಂಬ

ದೋಹಾದಲ್ಲಿ ನನ್ನ ಕೆಲಸವೆಂದರೆ ಬೇರೆಯವರು ಯೋಚಿಸಿದ್ದನ್ನು ಶಾಯಿಯಲ್ಲಿ ಎಳೆಯುವುದು. ತೊಂಬತ್ತರ ದಶಕದ ಮೊದಲ ವರ್ಷಗಳವು. ಕಚೇರಿಗೆ ಕಂಪ್ಯೂಟರ್ ಬಂದಿದ್ದರೂ ಅದು ಮ್ಯಾನೇಜರರ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ನಾವು ಮೂವರು ಡ್ರಾಫ್ಟ್ಸ್‌ಮನ್‌ಗಳು ಟ್ರೇಸಿಂಗ್ ಹಾಳೆಯ ಮೇಲೆ ಬಗ್ಗಿ ಬಗ್ಗಿ ಬೆನ್ನು ಹಾಳು ಮಾಡಿಕೊಳ್ಳುತ್ತಿದ್ದೆವು. ತಪ್ಪಾದರೆ ಹಾಳೆ ಎಸೆಯುವಂತಿರಲಿಲ್ಲ. ಗಡ್ಡ ಹೆರೆಯುವ ಬ್ಲೇಡಿನಿಂದ ಒಣಗಿದ ಶಾಯಿಯನ್ನು ಮೆಲ್ಲಗೆ ಕೆರೆದು, ಆ ಜಾಗವನ್ನು ಉಗುರಿನಿಂದ ಉಜ್ಜಿ ನಯಮಾಡಿ, ಮತ್ತೆ ಎಳೆಯಬೇಕು. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ.

ನಮ್ಮ ಆರ್ಕಿಟೆಕ್ಟ್ ಡೆನ್ಮಾರ್ಕಿನವರು. ಅರುವತ್ತು ದಾಟಿದ, ಬಿಸಿಲಿಗೆ ಸದಾ ಕೆಂಪಗಿರುತ್ತಿದ್ದ ಎತ್ತರದ ಮನುಷ್ಯ. ಸರ್ ಎಂದು ಕರೆಯಬೇಡ ಎನ್ನುತ್ತಿದ್ದರು. ನನ್ನ ನಾಲಗೆ ಕೇಳಬೇಕಲ್ಲ. ಆರ್ಕಿಟೆಕ್ಟ್ ಓದಿಗೆ ಸೇರುವ ಮೊದಲು ಊರಿನಲ್ಲಿ ಗೋಡೆ ಕಟ್ಟುವ ಕೆಲಸ ಕಲಿತಿದ್ದರಂತೆ. ಸೈಟಿಗೆ ಹೋದರೆ ಮೇಸ್ತ್ರಿಯ ಕರಣೆ ಕಿತ್ತುಕೊಂಡು ನಾಲ್ಕು ಕಲ್ಲು ಇಟ್ಟೇ ಬರುವರು. "ನಮ್ಮಲ್ಲಿ ಬಿಸಿಲು ಒಳಗೆ ಬರಲಿ ಅಂತ ಕಿಟಕಿ ಬರೆಯುತ್ತಿದ್ದೆ. ಇಲ್ಲಿ ಹದಿನೈದು ವರ್ಷದಿಂದ ಬರೀ ನೆರಳು ಬರೆಯುತ್ತಿದ್ದೇನೆ" ಎನ್ನುವರು. ಇನ್ನೊಂದು ಪದ್ಧತಿಯೂ ಅವರಿಗಿತ್ತು. ಕಾಂಕ್ರೀಟು ಗಟ್ಟಿಯಾಗಿ, ಅದನ್ನು ಹೊತ್ತಿದ್ದ ಕಬ್ಬಿಣದ ಜಾಕಿಗಳನ್ನು ಬಿಚ್ಚುವ ದಿನ, ತಾವು ಬರೆದ ಚಾವಣಿಯ ಕೆಳಗೆ ತಾವೇ ಹೋಗಿ ನಿಲ್ಲುತ್ತಿದ್ದರು. ಜಾಕಿ ಬಿಚ್ಚುವ ಆಚಾರಿಗಳು ನಿಲ್ಲುವ ಜಾಗದಲ್ಲಿ ತಾನೂ ನಿಲ್ಲಬೇಕು ಎನ್ನುವುದು ಅವರ ಹಟ. ನಾವು ಹಿಂದಿನಿಂದ ನಗುತ್ತಿದ್ದೆವು.

ಉತ್ತರದ ಅಲ್ ಶಮಾಲ್ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಅವರು ಮುಂಭಾಗದಲ್ಲಿ ಅಗಲವಾದ ಚಾವಣಿಯೊಂದನ್ನು ಬರೆದರು. ಮೊದಲು ಅದಕ್ಕೆ ಎರಡು ಕಂಬಗಳಿದ್ದವು. ಆಮೇಲೆ, ರೋಗಿಗಳನ್ನು ಹೊತ್ತು ತರುವ ಗಾಡಿಗೆ ಅಡ್ಡವಾಗುತ್ತದೆಂದು ಕಂಬ ತೆಗೆದು, ಚಾವಣಿ ಗೋಡೆಯನ್ನಷ್ಟೇ ಹಿಡಿದು ನಿಲ್ಲುವಂತೆ ಬದಲಿಸಿದರು. ಕಂಬವಿದ್ದಾಗ ಚಾವಣಿಯೊಳಗಿನ ಕಬ್ಬಿಣದ ಸರಳು ತಳಭಾಗದಲ್ಲಿರಬೇಕು. ಕಂಬ ಹೋದರೆ ಅದೇ ಸರಳು ಮೇಲ್ಭಾಗಕ್ಕೆ ಬರಬೇಕು. ಇಲ್ಲದಿದ್ದರೆ ಚಾವಣಿ ಗೋಡೆಯ ಹತ್ತಿರ ಮುರಿದು ಬೀಳುತ್ತದೆ. ಕಟ್ಟಡದ ಭಾರ ಲೆಕ್ಕ ಹಾಕುವ ಇಂಜಿನಿಯರ್ ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟು ರಜೆಗೆ ಹೋಗಿದ್ದ. ನಾನು ಕಂಬಗಳನ್ನು ಅಂದವಾಗಿ ಕೆರೆದು ತೆಗೆದೆ. ಊಟ ಮಾಡಿ ಬಂದು ಸರಳು ಸರಿಪಡಿಸೋಣವೆಂದು ಎದ್ದೆ. ಬರುವಷ್ಟರಲ್ಲಿ ಹಾಳೆ ಆರ್ಕಿಟೆಕ್ಟರ ಸಹಿಯಾಗಿ ಪ್ರಿಂಟಿಗೆ ಹೋಗಿತ್ತು. ಕೈಗೆ ಬೇರೆ ಕೆಲಸ ಬಿತ್ತು, ಸರಳು ಮರೆತೇಹೋಯಿತು.

ಎರಡು ತಿಂಗಳ ನಂತರ, ಒಂದು ಗುರುವಾರ ಮಧ್ಯಾಹ್ನ, ಮೇಜು ಖಾಲಿ ಮಾಡುವಾಗ ಆ ಚೀಟಿ ಸಿಕ್ಕಿತು. ಕೂಡಲೇ ಟ್ರೇಸಿಂಗ್ ಹಾಳೆ ತೆಗೆದು ನೋಡಿದೆ. ಕಂಬಗಳಿಲ್ಲ, ಸರಳು ತಳದಲ್ಲೇ ಇದೆ. ಕಾಂಕ್ರೀಟು ಹಾಕಿ ವಾರಗಳಾಗಿದ್ದವು. ಶನಿವಾರ ಬೆಳಿಗ್ಗೆ ಜಾಕಿ ಬಿಚ್ಚುವುದೆಂದು ಗೋಡೆಯ ಪಟ್ಟಿಯಲ್ಲಿ ಬರೆದಿತ್ತು. ಆರ್ಕಿಟೆಕ್ಟರ ಕೋಣೆ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಹೋಗಲಿಲ್ಲ. ಹೆಂಡತಿಯ ವೀಸಾ ಆಗ ತಾನೇ ಕೈಗೆ ಬಂದಿತ್ತು, ಮಗಳನ್ನು ಇಲ್ಲೇ ಶಾಲೆಗೆ ಸೇರಿಸುವ ಮಾತಾಗಿತ್ತು.

ಶುಕ್ರವಾರ ನನ್ನ ರೂಮಿನವನ ಮುಂದೆ ಬಾಯಿಬಿಟ್ಟೆ. ಅವನು ಉಳ್ಳಾಲದ ಬ್ಯಾರಿ, ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ನಮಾಜು ಮುಗಿಸಿ ಬಂದು ಮೀನು ತೊಳೆಯುತ್ತಿದ್ದ.

"ಎಂತ ಮರ್ಲಾ ಮಾರಾಯ, ತಲೆ ಕೆಟ್ಟಿದಾ ನಿಂಗೆ? ಸೈಟಲ್ಲಿ ಇಂಜಿನಿಯರ್ ಇಲ್ವಾ, ಫೋರ್‌ಮನ್ ಇಲ್ವಾ? ಅವ್ರು ನೋಡಿ ಸರಿ ಮಾಡಿರ್ತಾರೆ. ನೀನು ಹೋಗಿ ಹೇಳಿದ್ರೆ ಖಲಾಸ್, ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸ್ತಾರೆ."

ಅವನ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನನಗೆ ಬೇಕಾಗಿದ್ದದ್ದೂ ಅದೇ.

ಶನಿವಾರ ಆರ್ಕಿಟೆಕ್ಟ್ ಸೈಟಿಗೆ ನನ್ನನ್ನೂ ಕರೆದರು. ನಕ್ಷೆಯ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಅವರ ಪಕ್ಕದಲ್ಲಿ ಕೂತೆ. ಗಾಳಿಗೆ ರಸ್ತೆಯ ಮೇಲೆ ಮರಳು ಹರಿಯುತ್ತಿತ್ತು, ಮುಂದಿನ ಲಾರಿ ಕಾಣುತ್ತಿರಲಿಲ್ಲ. ಅವರು ಶಿಳ್ಳೆ ಹಾಕುತ್ತಾ ಓಡಿಸುತ್ತಿದ್ದರು. ಆ ಬಂಕು ದಾಟಿದ ಮೇಲೆ ಹೇಳುತ್ತೇನೆ ಅಂದುಕೊಂಡೆ. ದಾಟಿತು. ಆ ಮಸೀದಿ ಬರಲಿ ಅಂದುಕೊಂಡೆ. ಅದೂ ದಾಟಿತು. ನನ್ನ ಹೇಡಿತನಕ್ಕೆ ನನಗೇ ಅಸಹ್ಯವಾಗುತ್ತಿತ್ತು.

ಸೈಟಿನಲ್ಲಿ ಆಚಾರಿಗಳು ಸುತ್ತಿಗೆ ಹಿಡಿದು ಕಾಯುತ್ತಿದ್ದರು. ಫೋರ್‌ಮನ್‌ನನ್ನು ಪಕ್ಕಕ್ಕೆ ಕರೆದು, ಸರಳು ಎಲ್ಲಿ ಕಟ್ಟಿದಿರಿ ಎಂದು ಹಿಂದಿಯಲ್ಲಿ ಕೇಳಿದೆ. "ಡ್ರಾಯಿಂಗಲ್ಲಿ ಇದ್ದ ಹಾಗೆ" ಎಂದ ಅವನು, ಹೆಮ್ಮೆಯಿಂದ. ಅಷ್ಟರಲ್ಲಿ ಆರ್ಕಿಟೆಕ್ಟ್ ಚಾವಣಿಯ ಕೆಳಗೆ, ನಡುಮಧ್ಯಕ್ಕೆ ಹೋಗಿ ನಿಂತಿದ್ದರು. ಫೋರ್‌ಮನ್ "ಯಲ್ಲಾ, ಬಿಚ್ಚಿ!" ಎಂದ. ಅಂಚಿನ ಮೊದಲ ಜಾಕಿ ಸಡಿಲವಾಯಿತು, ಎರಡನೆಯದೂ. ಮೇಲಿನಿಂದ ಒಂದಿಷ್ಟು ಪುಡಿ ಅವರ ಬಿಳಿ ಕೂದಲ ಮೇಲೆ ಉದುರಿತು.

"ಬೇಡ! ಬೇಡ!" ಎಂದು ಕಿರುಚಿದೆ. ಕನ್ನಡ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಓಡಿಹೋಗಿ ಸುತ್ತಿಗೆಯವನ ಕೈ ಹಿಡಿದು, ಸರಳು ತಪ್ಪು ಜಾಗದಲ್ಲಿದೆ ಎಂದು ಆರ್ಕಿಟೆಕ್ಟರಿಗೆ ಕೂಗಿ ಹೇಳಿದೆ.

ಜಾಕಿಗಳನ್ನು ವಾಪಸು ಬಿಗಿದರು. ಏಣಿ ಹತ್ತಿ ಗೋಡೆಯ ಪಕ್ಕದಲ್ಲಿ ಚಾವಣಿಯ ಮೇಲ್ಭಾಗವನ್ನು ಉಳಿಯಿಂದ ಒಡೆದು ನೋಡಿದರು. ಒಂದು ಅಂಗುಲ, ಎರಡು, ಮೂರು. ಸರಳು ಸಿಗಲಿಲ್ಲ. ಆರ್ಕಿಟೆಕ್ಟ್ ಏಣಿ ಇಳಿದು, ನನ್ನ ಹಾಳೆಯನ್ನು ಬಿಸಿಲಿಗೆ ಹಿಡಿದರು. ಕೆರೆದ ಜಾಗ ಎರಡು ಕಡೆ ಮಬ್ಬಾಗಿ ಕಾಣುತ್ತಿತ್ತು. ಕೆಳಗಿದ್ದ ತಮ್ಮ ಸಹಿಯ ಮೇಲೆ ಬೆರಳಿಟ್ಟು, "ಇದು ನನ್ನದು. ನೋಡದೆ ಹಾಕಿದೆ. ಕಂಪನಿಗೆ ನಾನೇ ಬರೆಯುತ್ತೇನೆ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಬದುಕಿದೆ ಅಂದುಕೊಂಡೆ.

"ನಿನಗೆ ಯಾವಾಗ ಗೊತ್ತಾಯಿತು?" ಎಂದು ಕೇಳಿದರು.

ಸುಳ್ಳು ಹೇಳಲು ಆಗಲಿಲ್ಲ. "ಗುರುವಾರ, ಸರ್."

ಅವರು ತಲೆಯ ಮೇಲಿನ ಪುಡಿ ಕೊಡವಿಕೊಂಡರು. "ಇಷ್ಟು ದೂರ ನನ್ನ ಪಕ್ಕದಲ್ಲೇ ಕೂತು ಬಂದೆಯಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಕಾರಿನ ಹತ್ತಿರ ಹೋಗಿ, ನಾನು ಕೂರಲೆಂದು ತಮ್ಮ ಪಕ್ಕದ ಸೀಟಿನ ಬಾಗಿಲನ್ನು ತಾವೇ ತೆರೆದು ಹಿಡಿದರು.