ಅಮ್ಮ ತೊಳೆದುಕೊಟ್ಟ ತಟ್ಟೆಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆ ವಾರವಂತೂ ಮಾಲೂರಿನ ಕಾರ್ಖಾನೆಯ ಲ್ಯಾಬಿನಲ್ಲಿ ಯಾರೂ ನನ್ನ ಹತ್ತಿರ ಸುಳಿಯಲಿಲ್ಲ. ಎಂಬತ್ತರ ದಶಕದ ಶುರು. ಬೇಯಿಸಿದ ಗೋಧಿ ಬೂಸದ ಮೇಲೆ ನಾವು ಬೂಷ್ಟು ಬೆಳೆಸುತ್ತಿದ್ದೆವು. ಅದು ಬಿಡುವ ಒಂದು ಪ್ರೋಟೀನು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಆಮೇಲೆ ಹುದುಗು ಬರಿಸುವುದು ಸುಲಭ. ನಾನು ಆರಿಸಿದ್ದ ತಳಿ ಗಾಜಿನ ಬುಡ್ಡಿಯಲ್ಲಿ ಚೆನ್ನಾಗಿ ಬಂದಿತ್ತು. ದೊಡ್ಡ ಪ್ರಮಾಣದಲ್ಲೂ ಬಂದರೆ ಸರಿ, ಇಲ್ಲದಿದ್ದರೆ ನಿಮ್ಮ ಸಂಶೋಧನೆ ಇಲ್ಲಿಗೆ ಸಾಕು ಎಂದಿದ್ದರು ಮ್ಯಾನೇಜರು.

ಕಾರ್ಖಾನೆಯ ತಟ್ಟೆಗಳು ಸಾಲದೆ, ಹೋಳೂರಿನ ನಮ್ಮ ಮನೆಯಿಂದ ರೇಷ್ಮೆಹುಳು ಸಾಕುವ ಬಿದಿರಿನ ತಟ್ಟೆಗಳನ್ನು ಅಮ್ಮನ ಕೈಲಿ ತೊಳೆಸಿಕೊಂಡು ತಂದೆ. ಬೂಸ ಹರಡಿ, ಬೂಷ್ಟಿನ ಬೀಜ ಉದುರಿಸಿ ಕಾದೆ. ಒಂದು ಎಳೆಯೂ ಹುಟ್ಟಲಿಲ್ಲ. ಮತ್ತೆ ಹಾಕಿದೆ, ಅದೇ ಕಥೆ. ನೀರು ಬದಲಿಸಿದೆ, ಬೂಸ ಬದಲಿಸಿದೆ, ಕಂಡಕಂಡವರ ಮೇಲೆ ರೇಗಿದೆ.

ನೋಡಲು ಬಂದ ಮ್ಯಾನೇಜರು ಬಾಗಿಲಲ್ಲೇ ಮೂಗಿಗೆ ಕರವಸ್ತ್ರ ಹಿಡಿದು, ಏನಮ್ಮಾ ಇದು, ಕಣ್ಣು ಉರಿಯುತ್ತಲ್ಲ ಎಂದರು. ಫಾರ್ಮಲಿನ್, ಹುಳುಮನೆಗೆ ರೋಗ ತಗಲದಂತೆ ಹಾಕುವ ಔಷಧಿ! ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವಳಿಗೆ ಆ ಘಾಟು ಒಲೆಯ ಹೊಗೆಯಷ್ಟೇ ಮಾಮೂಲು. ನನ್ನ ಮೂಗಿಗೆ ಅದು ಬಡಿದಿರಲೇ ಇಲ್ಲ. ಇನ್ನೊಂದೇ ಒಂದು ಅವಕಾಶ ಕೊಡಿ ಎಂದು ಕೇಳಿಕೊಂಡು ಊರಿನ ಬಸ್ಸು ಹತ್ತಿದೆ.

ನಾನು ಕಾರ್ಖಾನೆಯಲ್ಲಿ ಔಷಧಿ ಮಾಡುತ್ತೇನೆಂದೇ ಅಮ್ಮ ತಿಳಿದಿದ್ದಳು. ತಟ್ಟೆಗೆ ಏನು ಹಾಕಿ ತೊಳೆದೆಯಮ್ಮಾ ಎಂದು ಕೇಳಿದರೆ ಅವಳ ಮುಖ ಅರಳಿತು.

"ನಿನ್ ಕೆಲ್ಸಕ್ಕೆ ಬೂಷ್ಟು ಗೀಷ್ಟು ಹತ್ತಬಾರ್ದು ಅಂತ ಔಷಧಿ ಜಾಸ್ತೀನೇ ಹಾಕಿ ನೆನೆಸಿದ್ದೆ ಕಣೇ."

ನಮ್ಮ ಮನೆಗಳಲ್ಲಿ ಬೂಷ್ಟು ಎಂದರೆ ಸುಣ್ಣಕಟ್ಟು ರೋಗ. ಹುಳು ಬೆಳ್ಳಗೆ ಸೆಟೆದು ಸಾಯುತ್ತವೆ, ಇಡೀ ಬೆಳೆ ಹೋಗುತ್ತದೆ. ಒಳಗೆ ಹುಳು ಇನ್ನೇನು ಗೂಡು ಕಟ್ಟುವುದರಲ್ಲಿದ್ದವು.

"ನಾನು ಬೆಳೆಸೋದೇ ಬೂಷ್ಟಮ್ಮಾ."

ಅಮ್ಮ ಬೈಯಲಿಲ್ಲ. ಹುಳುವಿನ ಕೋಣೆಯ ಬಾಗಿಲು ಎಳೆದುಕೊಂಡು ಅದಕ್ಕೆ ಅಡ್ಡ ನಿಂತಳು. ನಿನ್ನ ಮೈಮೇಲಿನ ಬೂಷ್ಟು ಹುಳುಗಳಿಗೆ ಹತ್ತೀತು, ಗೂಡು ಬಿಡಿಸುವ ತನಕ ಈ ಕಡೆ ತಲೆ ಹಾಕಬೇಡ ಎಂದಳು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಊಟ ಮಾಡದೆ ಹೊರಟುಬಿಟ್ಟೆ.

ಆದರೆ ಆ ವಾರವೇ ನಮ್ಮೂರ ಬಸ್ ಸ್ಟಾಪಿಗೆ ಬಾ ಎಂದು ಹೇಳಿಕಳಿಸಿದಳು. ಹೋದರೆ ಹುಣಸೆ ಮರದ ಕೆಳಗೆ ಹೊಸ ತಟ್ಟೆಗಳು, ಪಕ್ಕದಲ್ಲಿ ನನಗೆ ಬುತ್ತಿ. ಅಮ್ಮ ರಸ್ತೆಯ ಆ ಬದಿಯಲ್ಲಿದ್ದಳು. ನಾನು ದಾಟಲು ಕಾಲಿಟ್ಟದ್ದೇ ಕೈ ಅಡ್ಡ ಹಿಡಿದಳು.

"ಬರೀ ನೀರಲ್ಲಿ ತೊಳ್ದಿದ್ದೀನಿ. ತಗೊಂಡೋಗು, ಚೆನ್ನಾಗ್ ಬರ್ಲಿ."

ಚೆನ್ನಾಗಿಯೇ ಬಂತು. ಮ್ಯಾನೇಜರು ತಲೆಯಾಡಿಸಿದರು, ಸಂಶೋಧನೆ ಉಳಿಯಿತು. ತಟ್ಟೆಗಳ ತುಂಬ ಬೆಳ್ಳಗೆ ಹಬ್ಬಿದ್ದ ಬೂಷ್ಟನ್ನು ನೋಡಿದಾಗ ಖುಷಿಗಿಂತ ಮೊದಲು ಅಮ್ಮನ ಹುಳುಗಳು ನೆನಪಾಗಿ ನನಗೆ ಭಯವಾಯಿತು.