ಅರುಣಾಳ ಅಂಗೈಯ ಅಕ್ಷರ

ನ್ಯಾಮತಿಯ ಅರ್ಷಿಯಾಳಿಗೆ ಹದಿನೇಳು ವರ್ಷ. ತಂದೆ ಅಮೀರ್‌ಜಾನ್ ಹೊಲಿಗೆಯಂಗಡಿ ನಡೆಸುತ್ತಾರೆ. ಮಗಳು ಪಿಯುಸಿ ಓದುತ್ತ, ಮದುವೆ ಮನೆಗಳಲ್ಲಿ ಮೆಹಂದಿ ಹಾಕುತ್ತಾಳೆ. ಮದುಮಗಳ ಅಂಗೈಯ ಬಳ್ಳಿಗಳ ನಡುವೆ ಮದುಮಗನ ಹೆಸರಿನ ಮೊದಲ ಅಕ್ಷರವನ್ನು ಅಡಗಿಸುವುದು ಆ ಕೆಲಸದ ರೂಢಿ. ಗಂಡು ಅದನ್ನು ಹುಡುಕಬೇಕು. ಅರ್ಷಿಯಾ ಅಡಗಿಸಿದ್ದು ಸುಲಭಕ್ಕೆ ಸಿಗುತ್ತಿರಲಿಲ್ಲ.

ಅವಳ ಗೆಳತಿ ಸವಳಂಗದ ಅರುಣಾ. ಕಾಲೇಜು ಬಿಟ್ಟ ಮೇಲೆ, ಬಸ್ಸು ಬರುವವರೆಗೆ, ಇಬ್ಬರೂ ಒಂದೇ ಫೋನಿನಲ್ಲಿ ಜಪಾನಿನ ಅನಿಮೆ ಕಾರ್ಟೂನೊಂದನ್ನು ನೋಡುತ್ತಿದ್ದರು. ಅದರಲ್ಲಿ ಒಬ್ಬ ಹುಡುಗಿ, ತಾನು ಮೆಚ್ಚಿದವನು ತನ್ನ ಗೆಳತಿಗೆ ಬರೆದ ಪತ್ರಗಳನ್ನು ತಾನೇ ಒಯ್ದು ತಲುಪಿಸುತ್ತಾಳೆ.

"ಎಂಥಾ ದಡ್ಡಿನೇ ಇವಳು! ಬಾಯಿ ಬಿಟ್ಟು ಹೇಳಾಕೆ ಏನು ರೋಗ?" ಎಂದು ಅರುಣಾ ನಗುತ್ತಿದ್ದಳು.

ಅರ್ಷಿಯಾ ನಗುತ್ತಿರಲಿಲ್ಲ. ಸಹಪಾಠಿ ವಿನೋದ್ ಅವಳನ್ನು ಮಾತಾಡಿಸುತ್ತಿದ್ದುದೇ ಅರುಣಾಳ ಸುದ್ದಿ ಕೇಳಲು. ಅದು ತಿಳಿದಿದ್ದೂ ಅವಳು ಆ ದನಿಗಾಗಿ ಕಾಯುತ್ತಿದ್ದಳು. ಇದನ್ನು ನಾನು ಕೊಂಡಾಡುವುದಿಲ್ಲ, ಹಳಿಯುವುದೂ ಇಲ್ಲ.

ಅರುಣಾಳ ಅಕ್ಕನ ಮದುವೆಗೆ ಎರಡು ದಿನವಿದ್ದಾಗ ಅರ್ಷಿಯಾ ಗೆಳತಿಯನ್ನು ತನ್ನ ಮನೆಗೆ ಕರೆದು ಮೆಹಂದಿ ಹಾಕಿದಳು. ಆ ವಾರವೆಲ್ಲ ಮದುವಣಗಿತ್ತಿಯರ ಕೈ ತುಂಬಿಸಿದ್ದ ಬೆರಳುಗಳು ರೂಢಿಬಲದಿಂದ ಬಳ್ಳಿಯ ನಡುವೆ ಅಕ್ಷರವೊಂದನ್ನು ಇಟ್ಟವು. ಮನಸ್ಸಿನಲ್ಲಿದ್ದ ಅಕ್ಷರವನ್ನೇ ಇಟ್ಟವು. ಇಬ್ಬರೂ ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಅರುಣಾಳ ಫೋನು ಬಂತು.

"ಲೇ, ಅಂಗೈಯಾಗೆ 'ವಿ' ಅಂತ ಐತಲ್ಲೇ! ಅಪ್ಪ ನೋಡಿದ್ರೆ ನನ್ನ ಕಾಲೇಜು ಇವತ್ತಿಗೇ ಮುಗೀತು. ಹೊತ್ತು ಹೋದಷ್ಟೂ ಕೆಂಪಾಗ್ತೈತೆ. ಬೇಗ ಬಾರೇ!"

ಮೆಹಂದಿ ಎರಡನೆಯ ದಿನವೇ ಗಾಢವಾಗುವುದೆಂದು ಅರ್ಷಿಯಾ ಬಲ್ಲಳು. ಮೆಹಂದಿ ಕೋನು ಹಿಡಿದು ಸವಳಂಗದ ಬಸ್ಸು ಹತ್ತಿದಳು. ಸುಮ್ಮನಿದ್ದರೆ ಗೆಳತಿಯ ಓದು ನಿಲ್ಲುತ್ತದೆ. ನಿಜ ಹೇಳಿದರೆ ತನ್ನ ಹೆಸರೂ ವಿನೋದನ ಹೆಸರೂ ಒಟ್ಟಿಗೆ ಊರ ಬಾಯಿಗೆ ಬೀಳುತ್ತವೆ. ಆಮೇಲೆ ಅಬ್ಬನ ಅಂಗಡಿಯ ಮುಂದೆ ಯಾರು ಬಂದು ನಿಂತಾರೆಂದು ಯೋಚಿಸಲೂ ಅವಳಿಗೆ ಧೈರ್ಯವಿರಲಿಲ್ಲ.

ಸವಳಂಗದ ಮನೆಯ ಬಾಗಿಲಲ್ಲೇ ಅರುಣಾಳ ಅಜ್ಜಿ ದುರುಗಮ್ಮ ಮೊಮ್ಮಗಳ ಮಣಿಕಟ್ಟು ಹಿಡಿದು ಕುಳಿತಿದ್ದರು.

"ಬಾರವ್ವ ಕಲಾವಿದೆ! ಮದುವೆ ಅಕ್ಕಂದು, ಅಕ್ಷರ ತಂಗಿ ಕೈಯಾಗೆ. ಯಾರ್ದಿದು? ಇವಳಪ್ಪ ಬರೋದ್ರೊಳಗೆ ಹೇಳು."

"ತಪ್ಪು ನಂದು ಅಜ್ಜಿ," ಎಂದಳು ಅರ್ಷಿಯಾ. "ಮೊನ್ನೆ ನಲ್ಲೂರಿನ ಮದುಮಗಳಿಗೆ ಇದೇ ಅಕ್ಷರ ಹಾಕಿದ್ದೆ. ಕೈಗೆ ಅದೇ ರೂಢಿ ಆಗೋಗಿತ್ತು."

"ಕೈಗೋ, ತಲೆಗೋ?" ದುರುಗಮ್ಮ ಅವಳನ್ನೇ ದಿಟ್ಟಿಸಿದರು. "ಮೊದ್ಲು ಮುಚ್ಚು ಅದನ್ನ."

ಅಜ್ಜಿ ಒಳಗೆ ಹೋದರು. ಅರ್ಷಿಯಾ ಅಕ್ಷರದ ಮೇಲೆ ಎಲೆಯೊಂದನ್ನು ಬರೆದು ತುಂಬತೊಡಗಿದಳು.

"ನಲ್ಲೂರಿನ ಗಂಡು ಸಾದಿಕ್ ಅಂತ ನೀನೇ ಹೇಳಿದ್ದೆ," ಅರುಣಾ ಪಿಸುಗುಟ್ಟಿದಳು.

ಅರ್ಷಿಯಾ ಎಲೆಯ ಅಂಚನ್ನು ಇನ್ನಷ್ಟು ದಪ್ಪಗೆ ಎಳೆದಳು.

"ವಿನೋದಾ?"

"ಹೂಂ."

"ಅವನು ನನ್ನ ಬಗ್ಗೆ ಕೇಳಿದ್ದನ್ನೆಲ್ಲ ನಗ್ತಾ ಬಂದು ಹೇಳ್ತಿದ್ಯಲ್ಲೇ..."

ಅಂಗಳದಲ್ಲಿ ಬೈಕು ನಿಂತಿತು. ಅರುಣಾಳ ತಂದೆ ಬಂಗಾರಪ್ಪ ಒಳಬಂದರು.

"ಇನ್ನೂ ಮುಗಿದಿಲ್ವೇನ್ರವ್ವಾ ನಿಮ್ಮ ಚಿತ್ತಾರ? ಎಲ್ಲಿ, ತೋರ್ಸು."

ಎಲೆ ಅರ್ಧ ತುಂಬಿತ್ತಷ್ಟೆ. ಅರುಣಾ ಅರ್ಷಿಯಾಳ ಕೈಯನ್ನೂ ಸೇರಿಸಿಯೇ ತನ್ನ ಅಂಗೈಯನ್ನು ಮಡಿಚಿ ಹಿಡಿದಳು. ಹಸಿ ಮೆಹಂದಿ ಅಕ್ಷರವನ್ನು ಮುಚ್ಚಿ ಇಬ್ಬರ ಬೆರಳಿಗೂ ಮೆತ್ತಿತು.

"ಅಯ್ಯೋ, ಕಲೆಸೋಯ್ತು ಅಪ್ಪ! ನೀನು ಹೆದರ್ಸಿಬಿಟ್ಟೆ."

ಬಂಗಾರಪ್ಪ ನಗುತ್ತ ಒಳನಡೆದರು.

ವಿನೋದನಿಗೆ ಇಂದಿಗೂ ಏನೂ ತಿಳಿಯದು. ಅರುಣಾ ಕಾಲೇಜಿಗೆ ಬರುತ್ತಾಳೆ. ದುರುಗಮ್ಮನಿಗೆ ಎಷ್ಟು ತಿಳಿದಿದೆ ಎಂಬುದು ಮಾತ್ರ ಅರ್ಷಿಯಾಳಿಗೆ ಗೊತ್ತಿಲ್ಲ. ಸವಳಂಗದ ಬಸ್ಸು ಬಂದು ನಿಂತಾಗಲೆಲ್ಲ ಅಬ್ಬನ ಅಂಗಡಿ ಕೇಳಿಕೊಂಡು ಬಂದವರು ಯಾರಾದರೂ ಇದ್ದಾರೆಯೇ ಎಂದು ಅವಳು ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಾಳೆ.