ಹೊಸ್ತಿಲು ಒಡೆದ ಬಚ್ಚಲು

ಗಾರೆ ಕೆಲಸದಲ್ಲಿ ನನ್ನ ಕೈ ಚೊಕ್ಕ. ಎಪ್ಪತ್ತು ದಾಟಿದ ಮೇಲೂ ಹಾಗೆ ಹೇಳಲು ಸಂಕೋಚವಿಲ್ಲ. ಆದರೂ ಒಂದು ಬಚ್ಚಲನ್ನು ಕೆಟ್ಟದಾಗಿ ಕಟ್ಟಿದೆ, ಗೊತ್ತಿದ್ದೂ ಕಟ್ಟಿದೆ. ಅದನ್ನು ಹೇಳಿಬಿಡಬೇಕು.

ಐಮಂಗಲದ ಹತ್ತಿರ ಬಿಳಿಕಲ್ಲು ಪುಡಿಮಾಡುವ ಕಾರ್ಖಾನೆ. ಕೆಲಸ ಬಿಡುವ ಹೊತ್ತಿಗೆ ಎಲ್ಲರ ಹುಬ್ಬೂ ಬೆಳ್ಳಗಾಗಿರುತ್ತಿತ್ತು. ಅಲ್ಲೇ ಮೈ ತೊಳೆದು ಮನೆಗೆ ಹೋಗುತ್ತಿದ್ದರು. ಚೀಲದ ಬಾಯಿ ಹೊಲಿಯುವ ಒಬ್ಬನಿಗೆ ಮಾತ್ರ ಆಗುತ್ತಿರಲಿಲ್ಲ. ಅವನಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ, ಬಚ್ಚಲಿಗೆ ಮೆಟ್ಟಿಲುಗಳಿದ್ದವು. ಗಾಲಿಕುರ್ಚಿಯಲ್ಲಿ ಕೂತೇ ಎರಡಾಳಿನ ಕೆಲಸ ತೆಗೆಯುತ್ತಿದ್ದವನು ಪುಡಿ ಮೆತ್ತಿಕೊಂಡೇ ಮನೆಗೆ ಹೋಗುತ್ತಿದ್ದ. ಮಾಲೀಕರು ಅವನಿಗೆಂದೇ ಒಂದು ಬಚ್ಚಲು ಕಟ್ಟಲು ನನಗೆ ಹೇಳಿದರು.

ಪಾಯ ತೋಡಿದ ದಿನವೇ ಅವನು ಬಂದ.

“ಮೇಸ್ತ್ರಿ, ಹೊಸ್ತಿಲು ಇಡಬ್ಯಾಡ್ರಿ. ಬಾಗಿಲು ಹೊರಕ್ಕೆ ತೆರೀಲಿ.”

“ಚೀಲ ಹೊಲಿಯೋನು ನನಗೆ ಗಾರೆ ಕಲಿಸ್ತೀಯೇನಲೇ? ಹೊಸ್ತಿಲಿಲ್ದ ಬಾಗಿಲು ಕುರಿಹಟ್ಟಿಗೆ ಇಡ್ತಾರೆ!”

ಸುತ್ತಲಿದ್ದವರು ನಕ್ಕರು. ನನಗೆ ಖುಷಿಯಾಯಿತು.

ಕಟ್ಟಿ ಮುಗಿಸಿದ ದಿನ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅವನನ್ನು ಕರೆಸಿದೆ. ಗಾಲಿ ಹೊಸ್ತಿಲಿಗೆ ಬಡಿದು ನಿಂತಿತು. ನಾಲ್ಕು ಜನ ಕುರ್ಚಿಸಮೇತ ಎತ್ತಿ ಒಳಗಿಟ್ಟರು. ಒಳಕ್ಕೆ ತೆರೆಯುವ ಬಾಗಿಲಿಗೆ ಕುರ್ಚಿ ಅಡ್ಡ ಬಂತು, ಮುಚ್ಚಲಾಗಲಿಲ್ಲ.

“ಗಂಡಸಿಗೆಂಥಾ ನಾಚಿಕೆಯಪ್ಪ? ಹಂಗೇ ಹುಯ್ಕಳ್ಳೋ,” ಎಂದೆ.

ಅವನು ನಮ್ಮೆಲ್ಲರ ಮುಖ ನೋಡಿದ. “ಎತ್ತಿ ಹೊರಗಿಡ್ರಿ,” ಎಂದ. ಮತ್ತೆ ಆ ಕಡೆ ಬರಲಿಲ್ಲ. ಬಚ್ಚಲಿನಲ್ಲಿ ಖಾಲಿ ಚೀಲ ತುಂಬಿದರು. ಅವನಿಗೆ ಸೊಕ್ಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ.

ಒಂದು ವರ್ಷವಾಗಿರಬೇಕು. ಒಂದು ಸಂಜೆ ಅವನ ಬೀದಿಯಲ್ಲಿ ಹೋಗುತ್ತಿದ್ದೆ. ಅಂಗಳದಲ್ಲಿ ಅವನ ತಾಯಿ ಮಗನ ಬೆನ್ನಿಗೆ ನೀರು ಹಾಕುತ್ತಿದ್ದಳು. ನನ್ನಷ್ಟೇ ವಯಸ್ಸಿನ ಹೆಂಗಸು. ಒಂದು ಕೈಯಲ್ಲಿ ಚೊಂಬು. ಇನ್ನೊಂದು ಕೈಯಲ್ಲಿ ಸೆರಗನ್ನು ಅಗಲಿಸಿ, ಬೀದಿಗೆ ಕಾಣದಂತೆ ಮಗನಿಗೆ ಮರೆ ಹಿಡಿದಿದ್ದಳು. ಅವನು ನನ್ನನ್ನು ಕಂಡು ತಲೆ ತಗ್ಗಿಸಿದ. ನಾನು ಬಿರಬಿರನೆ ಮುಂದೆ ನಡೆದೆ.

ಮರುದಿನ ಉಳಿ, ಸುತ್ತಿಗೆ ಹಿಡಿದು ಅವನ ಹೊಲಿಗೆ ಯಂತ್ರದ ಹತ್ತಿರ ಹೋದೆ.

“ತಪ್ಪಾತಪ್ಪ. ಹೆಂಗೆ ಬೇಕು, ನೀನೇ ಹೇಳು.”

“ಹೋದ ವರ್ಷಾನೇ ಹೇಳಿದ್ನಲ್ರಿ.”

ಹೊಸ್ತಿಲನ್ನು ನಾನೇ ಒಡೆದೆ. ನೀರು ಹೊರಗೆ ಬಾರದಂತೆ ನೆಲಕ್ಕೆ ಮೂಲೆಯ ಕಡೆ ಇಳಿಜಾರು ಕೊಟ್ಟೆ. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದೆ. ಕುರ್ಚಿಯಿಂದ ಸರಿದು ಕೂರಲು ಒಂದು ಕಟ್ಟೆ, ಹಿಡಿಯಲು ಗೋಡೆಗೆ ಕಬ್ಬಿಣದ ಪೈಪು. ನಲ್ಲಿ ಎಲ್ಲಿ ಬೇಕೆಂದು ಅವನೇ ಕೈ ಚಾಚಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಅದು ನನ್ನ ಮೊಣಕಾಲಿಗಿಂತ ಸ್ವಲ್ಪವೇ ಮೇಲಿತ್ತು.

ಗಾರೆ ಒಣಗಿದ ಮೇಲೆ ಅವನು ಒಬ್ಬನೇ ಒಳಗೆ ಹೋದ. ಚಿಲಕ ಬಿದ್ದ ಸದ್ದು ಕೇಳಿಸಿತು. ಪೈಪು ಅವನ ಭಾರ ತಡೆಯುತ್ತದೋ ಇಲ್ಲವೋ ಎಂದು ನಾನು ಹೊರಗೇ ನಿಂತಿದ್ದೆ. ನೀರು ಬಿಟ್ಟ ಸದ್ದು, ಆಮೇಲೆ ಅವನ ದನಿ:

“ಮೇಸ್ತ್ರಿ, ಇನ್ನೂ ಅಲ್ಲೇ ನಿಂತಿದೀರೇನ್ರಿ? ಹೋಗ್ರಿ, ಟೀ ಕುಡೀರಿ. ನಂದು ತಡ ಆಗ್ತೈತೆ.”